ಹೆಸರು ಕೆತ್ತಿಸಿದವರು

ಬಾದಾಮಿ ನೋಡಲು ಬಂದವರು ಮೇಣಬಸದಿ ಹತ್ತಿಳಿದು, ಅಗಸ್ತ್ಯತೀರ್ಥದ ದಂಡೆಯ ಭೂತನಾಥನಿಗೆ ಕೈಮುಗಿದು, ಪಟ್ಟದಕಲ್ಲಿನ ಹಾದಿ ಹಿಡಿಯುತ್ತಾರೆ. ಮಹಾಕೂಟಕ್ಕೆ ಹೋದವರೂ ಪುಷ್ಕರಿಣಿಯಲ್ಲಿ ಮುಳುಗು ಹಾಕಿ, ಮಕುಟೇಶ್ವರನಿಗೆ ಕಾಯಿ ಒಡೆಸಿ ಹೊರಡುವುದೇ ಹೆಚ್ಚು. ಆ ಗುಡಿಯ ಮುಖಮಂಟಪದ ಕಂಬವೊಂದರ ಮೇಲೆ ಹಳಗನ್ನಡದ ಒಂದು ಸಣ್ಣ ಶಾಸನವಿದೆ. ನನ್ನ ಮಟ್ಟಿಗೆ ಈ ಸೀಮೆಯ ಅತ್ಯಂತ ಬೆಲೆಬಾಳುವ ಬರಹಗಳಲ್ಲಿ ಅದೂ ಒಂದು. ಯುದ್ಧ ಗೆದ್ದ ರಾಜನ ಬಗ್ಗೆ ಅದು ಹೇಳುವುದು ಕಡಿಮೆ. ಅದರಲ್ಲಿರುವುದು ಒಬ್ಬ ಗಣಿಕೆಯ ಹೆಸರು, ಆಕೆಯ ತಾಯಿಯ ಹೆಸರು, ಅಜ್ಜಿಯ ಹೆಸರು.

ಗಣಿಕೆಯ ಹೆಸರು ವಿನಾಪೋಟಿ. ಚಾಲುಕ್ಯ ಚಕ್ರವರ್ತಿ ವಿಜಯಾದಿತ್ಯನ ಪ್ರಾಣವಲ್ಲಭೆ. ವಿಜಯಾದಿತ್ಯ ಆಳಿದ್ದು 696ರಿಂದ 733ರವರೆಗೆ, ಅಂದರೆ ಈ ಅಕ್ಷರಗಳಿಗೆ ಸುಮಾರು ಸಾವಿರದ ಮುನ್ನೂರು ವರ್ಷ. ಅಜ್ಜಿ ರೇವಮಂಚಲೆ, ಆಕೆಯ ಮಗಳು ಕೂಚಿಪೋಟಿ, ಆಕೆಯ ಮಗಳು ವಿನಾಪೋಟಿ ಎಂದು ಶಾಸನ ವಂಶಾವಳಿ ಕೊಡುತ್ತದೆ. ಅಪ್ಪನ ಮಾತಿಲ್ಲ, ಅಜ್ಜನ ಮಾತಿಲ್ಲ. ಅರಸರ ತಾಮ್ರಪಟಗಳಲ್ಲಿ ತಂದೆ, ತಾತ, ಮುತ್ತಾತ ಎಂದು ಸಾಲು ಹಿಡಿಯುವ ಅದೇ ಗತ್ತಿನಲ್ಲಿ ಇಲ್ಲಿ ಹೆಣ್ಣುಮಕ್ಕಳು ಸಾಲು ಹಿಡಿದಿದ್ದಾರೆ. ಮೂವರ ಹೆಸರಿಗೂ ಗೌರವದ ಬಹುವಚನ ಹಚ್ಚಲಾಗಿದೆ.

ಆಕೆ ಮಾಡಿದ ದಾನದ ಪಟ್ಟಿ ನೋಡಿ. ದೇವರ ಪೀಠಕ್ಕೆ ಮಾಣಿಕ್ಯ ಕೂಡಿಸಿದಳು, ಮೇಲೆ ಬೆಳ್ಳಿಯ ಕೊಡೆ ಏರಿಸಿದಳು, ಮಂಗಳುಲ್ಲೆ ಎಂಬಲ್ಲಿ ಎಂಟುನೂರರ ಅಳತೆಯ ಹೊಲ ಬಿಟ್ಟುಕೊಟ್ಟಳು. ಇದೆಲ್ಲಕ್ಕಿಂತ ಮೊದಲು ಹಿರಣ್ಯಗರ್ಭ ದಾನ ಮಾಡಿದಳು. ಹಿರಣ್ಯಗರ್ಭವೆಂದರೆ ಬಂಗಾರದ ಪಾತ್ರೆಯೊಳಗೆ ಕುಳಿತು, ಮರುಹುಟ್ಟು ಪಡೆದು ಹೊರಬಂದು, ಆ ಬಂಗಾರವನ್ನೇ ದಾನ ಮಾಡುವ ಮಹಾದಾನ. ಬಾದಾಮಿಯ ಕೋಟೆ ಕಟ್ಟಿಸಿ ರಾಜ್ಯ ಹೂಡಿದ ಒಂದನೆಯ ಪುಲಕೇಶಿ ತನ್ನ ಹಿರಿಮೆ ಸಾರಲು ಅಶ್ವಮೇಧದ ಜೊತೆಗೆ ಮಾಡಿದ್ದು ಇದನ್ನೇ. ರಾಜವಂಶದ ಮೂಲಪುರುಷ ಮಾಡಿದ ಕಾರ್ಯವನ್ನು ಎರಡು ಶತಮಾನ ಕಳೆಯುವುದರೊಳಗೆ ಅದೇ ಬಯಲಿನಲ್ಲಿ ಒಬ್ಬ ಗಣಿಕೆ ತನ್ನ ಹೆಸರಿನಲ್ಲಿ ಮಾಡಿದಳು. ಕೊನೆಯಲ್ಲಿ, ಈ ದಾನವನ್ನು ಕೆಡಿಸಿದವನಿಗೆ ಪಂಚಮಹಾಪಾತಕ ತಗಲಲಿ ಎಂಬ ಶಾಪವೂ ಇದೆ. ಅರಸರ ದಾನಕ್ಕೆ ಯಾವ ಕಾವಲೋ ಆಕೆಯ ದಾನಕ್ಕೂ ಅದೇ ಕಾವಲು.

ಆಕೆ ಹಾಡುತ್ತಿದ್ದಳೋ ಕುಣಿಯುತ್ತಿದ್ದಳೋ ಎಂಬುದು ಶಾಸನದಲ್ಲಿಲ್ಲ. ಆದರೆ ಆ ಕಾಲದ ಗಣಿಕೆಯರ ಮನೆಗಳೇ ನಾಟ್ಯ, ಗಾಯನ, ವೀಣೆಗಳ ಶಾಲೆಗಳಾಗಿದ್ದವು. ತಾಯಿಯಿಂದ ಮಗಳಿಗೆ ಇಳಿದುಬಂದದ್ದು ವಿದ್ಯೆ. ಅದಕ್ಕೇ ಅಜ್ಜಿಯ ಹೆಸರು ಬೇಕಾಯಿತು ಎಂದು ನನಗೆ ಅನ್ನಿಸುತ್ತದೆ. ಘರಾಣೆಯ ಗವಾಯಿ ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾನಲ್ಲ, ವಿನಾಪೋಟಿ ಅಜ್ಜಿಯನ್ನೂ ತಾಯಿಯನ್ನೂ ನೆನೆದ ಬಗೆಯಲ್ಲಿ ಆ ಕೃತಜ್ಞತೆ ಇದೆ.

ಬಾದಾಮಿ, ಬೀಳಗಿ, ಹುನಗುಂದ, ಇಳಕಲ್ಲುಗಳ ಈ ಸೀಮೆಯಲ್ಲಿ ದೊಡ್ಡ ಕೆಲಸ ಮಾಡಿದ ಹೆಣ್ಣುಮಕ್ಕಳನ್ನು ಹುಡುಕುತ್ತ ಹೊರಟರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಮಾಡಿದ ಕೆಲಸದ ಮೇಲೆ ಹೆಸರು ಬಿದ್ದವರಷ್ಟೇ ನಮಗೆ ಸಿಕ್ಕಿದ್ದಾರೆ. ಆ ಹೆಸರು ಬೀಳುವುದಕ್ಕೆ ದುಡ್ಡು ಬೇಕಿತ್ತು, ಧೈರ್ಯ ಬೇಕಿತ್ತು, ಕಲ್ಲೋ ತಾಮ್ರವೋ ಗ್ರಾಮೊಫೋನಿನ ಅರಗಿನ ತಟ್ಟೆಯೋ ಏನಾದರೊಂದು ಬೇಕಿತ್ತು. ಮುಂದೆ ಅದನ್ನು ಓದುವವರೂ ಬೇಕಿತ್ತು. ಮಹಾಕೂಟದ ಈ ಶಾಸನವನ್ನು ಶಾಸನತಜ್ಞ ಜೆ.ಎಫ್. ಫ್ಲೀಟ್ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದ್ದು 1881ರಲ್ಲಿ. ಅಲ್ಲಿಯವರೆಗೆ ಎಷ್ಟೋ ತಲೆಮಾರಿನ ಭಕ್ತರು ಆ ಕಂಬಕ್ಕೆ ಒರಗಿ ಕುಳಿತು ಎದ್ದುಹೋಗಿದ್ದರು.

ಚಾಲುಕ್ಯರ ಅರಮನೆಯ ಹೆಣ್ಣುಮಕ್ಕಳಿಗೆ ಕಲ್ಲು ಸುಲಭವಾಗಿ ಸಿಕ್ಕಿತು. ಮಹಾಕೂಟದಲ್ಲೇ 602ರಲ್ಲಿ ಚಾಲುಕ್ಯ ದೊರೆ ಮಂಗಲೇಶ ಧರ್ಮಜಯಸ್ತಂಭ ನಿಲ್ಲಿಸಿದ. ಅದು ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಕಳಚೂರಿಗಳಿಂದ ಗೆದ್ದು ತಂದ ಹಣ, ಹತ್ತು ಹಳ್ಳಿಗಳ ಉತ್ಪನ್ನ ಮಕುಟೇಶ್ವರನಿಗೆ ಸಂದ ಲೆಕ್ಕ ಅದರ ಮೇಲಿದೆ. ಆ ದಾನದಲ್ಲಿ ತಂದೆಯ ರಾಣಿ ದುರ್ಲಭದೇವಿಯ ಹೆಸರಿದೆ. ಒಂದನೆಯ ಪುಲಕೇಶಿಯ ಮಡದಿ ಆಕೆ. ಗಂಡ ತೀರಿಕೊಂಡು ಮೂವತ್ತು ವರ್ಷದ ಮೇಲಾಗಿತ್ತು, ಗಂಡನ ಮಕ್ಕಳಲ್ಲಿ ಒಬ್ಬ ಆಳಿ ಹೋಗಿ ಮತ್ತೊಬ್ಬ ಸಿಂಹಾಸನದ ಮೇಲಿದ್ದ. ಆ ಮುಪ್ಪಿನಲ್ಲೂ ಆಕೆಯ ಮಾತು ನಡೆಯುತ್ತಿತ್ತು ಎಂಬುದಕ್ಕೆ ಆ ಕಂಬವೇ ಸಾಕ್ಷಿ. ಬಾದಾಮಿಯ ಊರೊಳಗಿನ ಜಂಬುಲಿಂಗನ ಗುಡಿಯೂ ಹೀಗೇ. 699ರಲ್ಲಿ ಅಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರ ಪ್ರತಿಷ್ಠೆಯಾದದ್ದು ವಿಜಯಾದಿತ್ಯನ ತಾಯಿ ವಿನಯವತಿಗಾಗಿ.

ಪಟ್ಟದಕಲ್ಲಿಗೆ ಬಂದರೆ ಕತೆ ದೊಡ್ಡದಾಗುತ್ತದೆ. 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಊರಿನ ಅತಿ ದೊಡ್ಡ ಗುಡಿ ವಿರೂಪಾಕ್ಷ. ಅದರ ಮೂಲ ಹೆಸರು ಲೋಕೇಶ್ವರ, ಕಟ್ಟಿಸಿದವಳು ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನನ ಮೂಲ ಹೆಸರು ತ್ರೈಲೋಕೇಶ್ವರ, ಕಟ್ಟಿಸಿದವಳು ತ್ರೈಲೋಕ್ಯಮಹಾದೇವಿ. ಇಬ್ಬರೂ ಹೈಹಯ ಕುಲದ ಅಕ್ಕತಂಗಿಯರು, ಇಬ್ಬರೂ ಎರಡನೆಯ ವಿಕ್ರಮಾದಿತ್ಯನ ರಾಣಿಯರು. ಗಂಡ ಕಂಚಿಯನ್ನು ಗೆದ್ದ ನೆನಪಿಗೆ 740ರ ಆಸುಪಾಸಿನಲ್ಲಿ ಈ ಗುಡಿಗಳು ಎದ್ದವು. ನೂರು ವರ್ಷ ಹಿಂದೆ ಪಲ್ಲವರು ಬಾದಾಮಿಯನ್ನು ಹಿಡಿದು, ಇಲ್ಲಿಯ ಬಂಡೆಯ ಮೇಲೆ ತಮ್ಮ ಗೆಲುವಿನ ಶಾಸನ ಕೆತ್ತಿಸಿ ಹೋಗಿದ್ದರು. ಅದಕ್ಕೆ ಉತ್ತರ ಕೊಡುವ ಕೆಲಸವನ್ನು ಕತ್ತಿಯಿಂದ ಗಂಡ ಮಾಡಿದ, ಕಲ್ಲಿನಲ್ಲಿ ಹೆಂಡತಿಯರು ಮಾಡಿದರು. ಎಲ್ಲೋರದ ಕೈಲಾಸಕ್ಕೆ ಮಾದರಿಯಾದದ್ದು ಈ ಲೋಕೇಶ್ವರ ಎಂದು ಕಲಾ ಇತಿಹಾಸಕಾರರು ಹೇಳುತ್ತಾರೆ.

ಲೋಕಮಹಾದೇವಿಯ ಬಗ್ಗೆ ನನಗೆ ಗೌರವ ಹೆಚ್ಚಿಸಿದ್ದು ಗುಡಿಯ ಗಾತ್ರವಲ್ಲ, ಬಾಗಿಲಿನ ಶಾಸನಗಳು. ಒಂದರಲ್ಲಿ ಗುಡಿ ಕಟ್ಟಿದ ಸೂತ್ರಧಾರಿ ಗುಂಡನ ಹೆಸರಿದೆ, ಆತನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟು ಪಟ್ಟ ಕಟ್ಟಿದ ವಿವರ ಇದೆ. ದಕ್ಷಿಣ ದೇಶದ ಸೂತ್ರಧಾರಿ ಸರ್ವಸಿದ್ಧಿ ಆಚಾರಿಯ ಹೊಗಳಿಕೆಯೂ ಅಲ್ಲಿದೆ. ಇನ್ನೊಂದರಲ್ಲಿ ಗಾಯಕರ ಪ್ರಸ್ತಾಪವಿದೆ. ಮಾವ ವಿಜಯಾದಿತ್ಯ ಗಾಂಧರ್ವರಿಗೆ ಕೊಟ್ಟಿದ್ದ ಹಕ್ಕುಗಳನ್ನು ಲೋಕಮಹಾದೇವಿ ಮತ್ತೆ ಎತ್ತಿಹಿಡಿದು ಖಾಯಂ ಮಾಡಿದಳು ಎನ್ನುತ್ತದೆ ಆ ಬರಹ. ದೊರೆ ಬದಲಾದಾಗ ಹಾಡುವವರ ಹೊಲ, ಮರ್ಯಾದೆ ಮೊದಲು ಅಲುಗಾಡುವುದು ಎಲ್ಲ ಕಾಲದ ಕಟ್ಟಳೆ. ಅದು ಅಲುಗಾಡದ ಹಾಗೆ ಕಲ್ಲಿನಲ್ಲಿ ಬರೆಸಿಟ್ಟವಳು ರಾಣಿ. ತನ್ನ ಹೆಸರಿನ ಜೊತೆಗೆ ಕೆಲಸಗಾರರ ಹೆಸರನ್ನೂ ಉಳಿಸಿದಳು ಎಂಬ ಕಾರಣಕ್ಕೆ ಆಕೆಯನ್ನು ನಾನು ಬರೀ ದಾನಿಗಳ ಸಾಲಿಗೆ ಸೇರಿಸಲಾರೆ.

ಅರಸೊತ್ತಿಗೆ ಬದಲಾಗಿ ರಾಷ್ಟ್ರಕೂಟರು ಬಂದರು. ಎಂಟನೆಯ ಶತಮಾನದ ಕೊನೆಗೆ, ಧ್ರುವ ಧಾರಾವರ್ಷನ ಕಾಲದಲ್ಲಿ, ಪಟ್ಟದಕಲ್ಲಿನಲ್ಲಿ ಮತ್ತೊಬ್ಬ ಹೆಣ್ಣುಮಗಳು ಕಾಣುತ್ತಾಳೆ. ಗುಡಿಯ ಸೂಳೆ ಬಾದಿಪೊದ್ದಿ, ಗೋಯಿಂದಪೊದ್ದಿಯ ಮಗಳು. ದೇವರಿಗೆ ಕುದುರೆಯ ರಥ, ಆನೆಯ ರಥ ಕೊಟ್ಟಳೆಂದು ಶಾಸನ. ಇಲ್ಲೂ ತಾಯಿಯ ಹೆಸರೇ ವಂಶದ ಗುರುತು. ವಿನಾಪೋಟಿಯದು ಒಂಟಿ ಸಾಹಸವಲ್ಲ, ಈ ಭಾಗದಲ್ಲಿ ಅದೊಂದು ರೂಢಿಯೇ ಆಗಿತ್ತು ಎನ್ನುವುದಕ್ಕೆ ಬಾದಿಪೊದ್ದಿಯೊಬ್ಬಳೇ ಸಾಕು.

ಕಲ್ಲಿಗೆ ಬಂದವರ ಮಾತಾಯಿತು. ಹಾಳೆಗೆ, ಗರಿಗೆ ಬಂದವರ ಗತಿ ಬೇರೆ. 634ರಲ್ಲಿ ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ ಎರಡನೆಯ ಪುಲಕೇಶಿಯ ಪ್ರಶಸ್ತಿ ಬರೆದ. ಕೊನೆಗೆ ತನ್ನ ಹೆಸರು ಹೇಳಿಕೊಂಡು, ಕಾಳಿದಾಸ ಭಾರವಿಯರ ಸಾಲಿನಲ್ಲಿ ತನ್ನನ್ನು ತಾನೇ ಕೂಡಿಸಿಕೊಂಡ. ಶಾಲೆಯ ಪಾಠದಲ್ಲಿ ನಾವೆಲ್ಲ ಅವನ ಹೆಸರು ಓದಿದ್ದೇವೆ. ಅದೇ ಪುಲಕೇಶಿಯ ಸೊಸೆ ವಿಜಯಭಟ್ಟಾರಿಕೆಯನ್ನು ಎಷ್ಟು ಜನ ಓದಿದ್ದೇವೆ? ಅವನ ಮಗ ಚಂದ್ರಾದಿತ್ಯನ ಮಡದಿ ಆಕೆ. ಪಲ್ಲವರ ದಾಳಿಯ ನಂತರ ರಾಜ್ಯ ಚೂರಾಗಿದ್ದ ದಿನಗಳಲ್ಲಿ ಕೊಂಕಣದ ಕಡೆಯ ಆಡಳಿತ ನೋಡಿಕೊಂಡವಳು. ಸಾವಂತವಾಡಿ ಸೀಮೆಯ ನೇರೂರು, ಕೊಚ್ರೆಗಳಲ್ಲಿ ಆಕೆಯ ತಾಮ್ರಪಟಗಳು ಸಿಕ್ಕಿವೆ. ನೇರೂರಿನ ಪಟದಲ್ಲಿ ದಾನದ ಕಾಲವನ್ನು ತನ್ನ ಸ್ವಂತ ಆಳ್ವಿಕೆಯ ಐದನೆಯ ವರ್ಷ ಎಂದೇ ಬರೆಸಿದ್ದಾಳೆ.

ಸಂಸ್ಕೃತ ಸುಭಾಷಿತ ಸಂಕಲನಗಳಲ್ಲಿ ವಿಜ್ಜಕೆ, ವಿಜಯಾಂಕೆ ಎಂಬ ಹೆಸರಿನಲ್ಲಿ ಉಳಿದಿರುವ ಪದ್ಯಗಳು ಈಕೆಯವೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ರಾಜಶೇಖರ ಎಂಬ ದೊಡ್ಡ ಲಾಕ್ಷಣಿಕ ಕರ್ಣಾಟದ ಈ ಕವಯಿತ್ರಿಯನ್ನು ಸರಸ್ವತಿಗೆ ಸಮ ಎಂದು ಹೊಗಳಿದ. ಸರಸ್ವತಿಯನ್ನು ಅಪ್ಪಟ ಬಿಳಿ ಎಂದು ವರ್ಣಿಸಿದ ದಂಡಿಯ ಮಾತನ್ನು, ತನ್ನ ಕಪ್ಪು ಮೈಬಣ್ಣ ಮುಂದಿಟ್ಟು ಅಲ್ಲಗಳೆದ ಪದ್ಯವೊಂದು ಅವಳದೆಂದು ಪ್ರಸಿದ್ಧವಾಗಿದೆ. ಎಂಥ ಆತ್ಮವಿಶ್ವಾಸ! ಆದರೆ ಆ ಆತ್ಮವಿಶ್ವಾಸದವಳು ಬರೆದದ್ದು ಬಿಡಿಬಿಡಿಯಾಗಿ ಬೇರೆಯವರ ಸಂಕಲನದಲ್ಲಿ ಉಳಿಯಿತು. ಊರು ದಾನ ಕೊಟ್ಟ ಲೆಕ್ಕಪತ್ರ ಮಾತ್ರ ತಾಮ್ರದಲ್ಲಿದ್ದುದರಿಂದ ಇಡಿಯಾಗಿ ಬಂತು. ಆಡಳಿತಗಾರ್ತಿ ಸಿಕ್ಕಿದಳು, ಕವಿ ಮುಕ್ಕಾಲು ಪಾಲು ಕಳೆದುಹೋದಳು.

ಹುನಗುಂದ ತಾಲ್ಲೂಕಿನ ಕೂಡಲಸಂಗಮಕ್ಕೆ ಬಂದರೆ ಹನ್ನೆರಡನೆಯ ಶತಮಾನ. ಅಲ್ಲಿ ಹೆಸರಿನ ವಿಚಾರ ಮತ್ತೊಂದು ಬಗೆ. ವಚನಕ್ಕೆ ಸಹಿಯೆಂದರೆ ಅಂಕಿತ, ಅದು ದೇವರ ಹೆಸರು. ಬಸವಣ್ಣನ ಮಡದಿ ಗಂಗಾಂಬಿಕೆಯ ಅಂಕಿತ ಗಂಗಾಪ್ರಿಯ ಕೂಡಲಸಂಗಮದೇವ. ಅಕ್ಕ ನಾಗಮ್ಮನ ಅಂಕಿತ ಬಸವಣ್ಣಪ್ರಿಯ ಚನ್ನಸಂಗಯ್ಯ. ಕೂಡಲಸಂಗಮಕ್ಕೆ ದೂರವಲ್ಲದ ಲಿಂಗಸುಗೂರು ಸೀಮೆಯ ಆಯ್ದಕ್ಕಿ ಲಕ್ಕಮ್ಮ ಗಂಡನ ಹೆಸರು ಸೇರಿಸಿ ಮಾರಯ್ಯಪ್ರಿಯ ಅಮರೇಶ್ವರಲಿಂಗ ಎಂದಳು. ಗಂಡನನ್ನೇ ವಚನದಲ್ಲಿ ತಿದ್ದಿದ ಗಟ್ಟಿಗಿತ್ತಿಯೂ ಸಹಿಯೊಳಗೆ ಗಂಡನನ್ನು ಕರೆದುಕೊಂಡಳು. ಬಸವಣ್ಣನ ಇನ್ನೊಬ್ಬ ಮಡದಿ ನೀಲಾಂಬಿಕೆಯ ಅಂಕಿತವಾದರೋ ಸಂಗಯ್ಯ, ಅಷ್ಟೇ. ಆಕೆ ಲಿಂಗೈಕ್ಯಳಾದ ತಂಗಡಗಿ ಕೃಷ್ಣೆಯ ದಂಡೆಯಲ್ಲೇ ಇದೆ. ಇವರೆಲ್ಲರ ನಡುವೆ ಸೂಳೆ ಸಂಕವ್ವೆ ಎಂಬೊಬ್ಬಳು ನಿರ್ಲಜ್ಜೇಶ್ವರ ಎಂಬ ಅಂಕಿತ ಇಟ್ಟುಕೊಂಡು ಬರೆದಳು. ನಮಗೆ ಸಿಕ್ಕಿರುವುದು ಅವಳ ಒಂದೇ ಒಂದು ವಚನ. ವಿನಾಪೋಟಿಗೆ ಕಲ್ಲು ಕೊಳ್ಳುವ ಶಕ್ತಿ ಇತ್ತು. ಸಂಕವ್ವೆಗೆ ಇದ್ದದ್ದು ಮಾತು, ಅದನ್ನು ಹೊತ್ತವರು ಅವಳ ಜೊತೆಯ ಶರಣರು. ತಾಡವೋಲೆಗಳ ಕಟ್ಟು ಬಿಚ್ಚಿ, ವಿಜಯಪುರದಲ್ಲಿ ಕೂತು, ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚಿಗೆ ತರುವ ಕೆಲಸಕ್ಕೆ ಜೀವ ತೇಯದಿದ್ದರೆ ಈ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಯ ಹೆಸರು ಇಂದು ನಮ್ಮ ಬಾಯಲ್ಲಿರುತ್ತಿತ್ತೋ!

ಇನ್ನು ಬೀಳಗಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಊರಿನ ಒಂದು ಮನೆಯಿಂದ ಇಬ್ಬರು ಅಕ್ಕತಂಗಿಯರು ಹೊರಟರು, ಗೋಹರಬಾಯಿ ಮತ್ತು ಅಮೀರಬಾಯಿ. ಆಗ ಬೀಳಗಿ ವಿಜಾಪುರ ಜಿಲ್ಲೆಗೆ, ವಿಜಾಪುರ ಮುಂಬಯಿ ಇಲಾಖೆಗೆ ಸೇರಿತ್ತು. ನಾಟಕ ಕಂಪನಿ, ಗ್ರಾಮೊಫೋನು, ಸಿನಿಮಾ ಎಲ್ಲದಕ್ಕೂ ಹಾದಿ ಮುಂಬಯಿಯೇ. ಅಲ್ಲಿ ಇವರಿಬ್ಬರೂ ಹೆಸರಿನ ಮುಂದೆ ಇಟ್ಟುಕೊಂಡದ್ದು ಕರ್ನಾಟಕಿ ಎಂದು. ಏಕೀಕರಣ ಆದದ್ದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಆ ಹೆಸರಿನ ರಾಜ್ಯವೇ ಇಲ್ಲದ ಕಾಲದಲ್ಲಿ ಬೀಳಗಿಯ ಈ ಹೆಣ್ಣುಮಕ್ಕಳ ಹೆಸರು ಮರಾಠಿ ರಂಗಭೂಮಿಯ ಜಾಹೀರಾತಿನಲ್ಲಿ, ಹಿಂದಿ ಸಿನಿಮಾದ ತಟ್ಟೆಗಳ ಮೇಲೆ ಕರ್ನಾಟಕವನ್ನು ಮುದ್ರಿಸಿತು. ಏಕೀಕರಣಕ್ಕೆ ದುಡಿದವರ ಪಟ್ಟಿ ಮಾಡುವಾಗ ನಾವು ಇವರನ್ನು ನೆನೆಯುವುದಿಲ್ಲ. ನೆನೆಯಬೇಕು ಎಂದೇ ನನ್ನ ಅಭಿಪ್ರಾಯ.

ಗೋಹರಬಾಯಿ ಬಾಲಗಂಧರ್ವರ ನಾಟಕ ಕಂಪನಿ ಸೇರಿದರು. ಬಾಲಗಂಧರ್ವರೆಂದರೆ ನಾರಾಯಣರಾವ್ ರಾಜಹಂಸ, ಸ್ತ್ರೀಪಾತ್ರಕ್ಕೆ ದೇಶಕ್ಕೇ ಹೆಸರಾದ ಗಂಡಸು. ಅವರು ಉಡುತ್ತಿದ್ದ ಸೀರೆಯ ರೀತಿ ನೋಡಿ ಮುಂಬಯಿ ಪುಣೆಯ ಹೆಂಗಸರು ಸೀರೆ ಉಡುತ್ತಿದ್ದರು ಎನ್ನುವ ಮಾತಿದೆ. ಅಂಥವರ ರಂಗದ ಮೇಲೆ ಗೋಹರಬಾಯಿ ನಾಯಕಿಯಾಗಿ ನಿಂತರು, ಬದುಕಿನಲ್ಲೂ ಜೊತೆಯಾದರು. ಮಹಾರಾಷ್ಟ್ರದ ಅಭಿಮಾನಿ ಬಳಗ ಅವರನ್ನು ಕ್ಷಮಿಸಲಿಲ್ಲ. ಕಂಪನಿಯ ಸಾಲಕ್ಕೆ, ಬಾಲಗಂಧರ್ವರ ಇಳಿಗಾಲದ ಕಷ್ಟಕ್ಕೆಲ್ಲ ಈ ಮುಸ್ಲಿಂ ಗಾಯಕಿಯನ್ನೇ ಹೊಣೆ ಮಾಡಿದರು. ಕಲಾವಿದನ ಸೋಲಿಗೆ ಅವನ ಬದುಕಿಗೆ ಬಂದ ಹೆಂಗಸೇ ಕಾರಣ ಎನ್ನುವುದು ಬಹಳ ಹಳೆಯ, ಬಹಳ ಸೋಮಾರಿ ವಿವರಣೆ. ಹಾಸಿಗೆ ಹಿಡಿದ ಮುದಿ ಕಲಾವಿದನ ಜೊತೆ ಗೋಹರಬಾಯಿ ತಮ್ಮ ಕೊನೆಯವರೆಗೂ ಇದ್ದರು ಎಂಬುದು ಆ ವಿವರಣೆಯಲ್ಲಿ ಸೇರಲಿಲ್ಲ.

ಅಮೀರಬಾಯಿ ಸಿನಿಮಾದ ಹಾದಿ ಹಿಡಿದರು. 1934ರ ‘ವಿಷ್ಣುಭಕ್ತಿ’ಯಿಂದ ಶುರು. ಆಗ ಹಾಡಬಲ್ಲವರೇ ನಟಿಸಬೇಕು, ನಟಿಸುವವರೇ ಹಾಡಬೇಕು. 1940ರ ‘ನರಸೀ ಭಗತ್’ ಚಿತ್ರಕ್ಕೆ ಹಾಡಿದ ನರಸೀ ಮೆಹತಾರ ಭಜನೆ ಅವರ ಕಂಠವನ್ನು ದೇಶಕ್ಕೆ ಪರಿಚಯಿಸಿತು. ಗಾಂಧೀಜಿ ಮೆಚ್ಚಿದ ಭಜನೆ ಅದು. 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ಅನಿಲ್ ಬಿಸ್ವಾಸರ ಸಂಗೀತ, ಪ್ರದೀಪರ ಸಾಹಿತ್ಯ. ಹಿಂದಿನ ವರ್ಷದ ಚಲೇಜಾವ್ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಪರಕೀಯರು ತೊಲಗಲಿ ಎನ್ನುವ ದೇಶಭಕ್ತಿಗೀತೆಯೊಂದು ಆ ಚಿತ್ರದಲ್ಲಿತ್ತು, ಅದರ ಮುಖ್ಯ ದನಿ ಬೀಳಗಿಯದು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಸಿನಿಮಾ ಮೂರು ವರ್ಷಕ್ಕೂ ಮೇಲೆ ಓಡಿತು.

‘ಕಿಸ್ಮತ್’ನಲ್ಲಿ ಪರದೆಯ ಮೇಲೆ ತುಟಿ ಆಡಿಸಿದವರು ನಾಯಕಿ ಮುಮ್ತಾಜ್ ಶಾಂತಿ. ಮುಖ ಒಬ್ಬರದು, ಕಂಠ ಒಬ್ಬರದು ಎಂಬ ಹಿನ್ನೆಲೆ ಗಾಯನದ ಕಾಲ ಬಂದಿತ್ತು. ಈ ಪದ್ಧತಿ ಹಾಡುವ ಹೆಣ್ಣುಮಕ್ಕಳಿಗೆ ಕೆಲಸವನ್ನೂ ಕೊಟ್ಟಿತು, ಹೆಸರನ್ನೂ ಕಿತ್ತುಕೊಂಡಿತು. 1902ರಲ್ಲಿ ಕಲ್ಕತ್ತೆಯ ಗೌಹರ್ ಜಾನ್ ಮೊದಲ ತಟ್ಟೆಗಳಿಗೆ ಹಾಡಿದಾಗ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿದ್ದರು. ಅದು ಆ ಕಾಲದ ರೂಢಿ, ತಟ್ಟೆ ತಯಾರಿಸುವ ದೂರದ ಕಾರಖಾನೆಯವರಿಗೆ ಹಾಡಿದವರು ಯಾರೆಂದು ಗೊತ್ತಾಗಲೆಂದು. 1949ಕ್ಕೆ ಬರುವ ಹೊತ್ತಿಗೆ ‘ಮಹಲ್’ ಚಿತ್ರದ ತಟ್ಟೆಯ ಮೇಲೆ ಲತಾ ಮಂಗೇಶಕರ್ ಹೆಸರಿನ ಜಾಗದಲ್ಲಿ ಕಥೆಯ ಪಾತ್ರ ಕಾಮಿನಿಯ ಹೆಸರು ಬಿತ್ತು. ಹಾಡಿದವರು ಯಾರು ಎಂದು ಕೇಳುಗರು ರೇಡಿಯೊಗೆ ಬರೆದು ಕೇಳಬೇಕಾಯಿತು. ಕಂಠದ ಮೇಲೆ ಹೆಸರು ಉಳಿಸಿಕೊಳ್ಳಲು ಗಾಯಕಿಯರು ಮುಂದೆ ಜಗಳವನ್ನೇ ಆಡಬೇಕಾಯಿತು.

ಅಮೀರಬಾಯಿ ಗುಜರಾತಿ ಚಿತ್ರಗಳಿಗೂ ಹಾಡಿದರು, ಕನ್ನಡದ ಹಾಡುಗಳನ್ನೂ ತಟ್ಟೆಗಳಲ್ಲಿ ಬಿಟ್ಟುಹೋದರು. 1948ರ ‘ಶಹನಾಜ್’ ಚಿತ್ರಕ್ಕೆ ಸಂಗೀತ ನಿರ್ದೇಶನ ಮಾಡಿದರು. ಹೆಣ್ಣುಮಕ್ಕಳು ಹಾಡಬಹುದು, ಹಾಡಿಸುವ ಕುರ್ಚಿ ಗಂಡಸರದು ಎಂದಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ನಟ ಹಿಮಾಲಯವಾಲಾ ಜೊತೆಗಿನ ಮದುವೆ ಅವರಿಗೆ ಹಿಂಸೆಯನ್ನೇ ಕೊಟ್ಟಿತು, ಅದರಿಂದ ಬಿಡಿಸಿಕೊಳ್ಳಲು ಬಹಳ ಪಾಡುಪಟ್ಟರು. ಹೊಸ ಕಂಠಗಳು ಬಂದ ಮೇಲೆ ಹಾಡುಗಳು ಕಡಿಮೆಯಾದವು, ಸಣ್ಣಪುಟ್ಟ ಪಾತ್ರಗಳಲ್ಲಿ ನಟಿಸಿದರು. 1965ರಲ್ಲಿ ತೀರಿಕೊಂಡರು. ವಿಜಯಪುರದಲ್ಲಿ ಅವರು ಕಟ್ಟಿಸಿದ ಅಮೀರ್ ಟಾಕೀಜಿನಿಂದ ಆ ಊರಿನ ಹಿರಿಯರಿಗೆ ಅವರ ಹೆಸರು ಗೊತ್ತು. ಉಳಿದ ಕನ್ನಡಿಗರಿಗೆ ಅವರನ್ನು ಮರಳಿಸಿದ್ದು ರಹಮತ್ ತರೀಕೆರೆಯವರು ಬರೆದ ಜೀವನಚರಿತ್ರೆ. ಹಳೆಯ ತಟ್ಟೆ, ಹಳೆಯ ಪತ್ರಿಕೆ, ಬೀಳಗಿಯ ನೆನಪು ಎಲ್ಲವನ್ನೂ ಸೋಸಿ ಮಾಡಿದ ಕೆಲಸ ಅದು. ಮಹಾಕೂಟದ ಕಂಬಕ್ಕೆ ಫ್ಲೀಟ್ ಹೇಗೋ, ವಚನಗಳಿಗೆ ಹಳಕಟ್ಟಿಯವರು ಹೇಗೋ, ಅಮೀರಬಾಯಿಗೆ ಆ ಪುಸ್ತಕ ಹಾಗೆ.

ಈ ಸೀಮೆಯಾಚೆ ನೋಡಿದರೆ, ಹೊಸ ಕಾಲದ ಕೆಲವು ಕಸುಬುಗಳಲ್ಲಿ ಹೆಸರು ಬರೆಯುವುದು ನಿಯಮದಲ್ಲೇ ಇದೆ. ವಿಮಾನ ಹಾರಿಸುವವರು ಪ್ರತಿ ಹಾರಾಟವನ್ನೂ ಲಾಗ್‌ಬುಕ್ಕಿನಲ್ಲಿ ದಾಖಲಿಸಬೇಕು. ಎಲ್ಲಿಂದ ಎಲ್ಲಿಗೆ, ಯಾವ ವಿಮಾನ, ಎಷ್ಟು ಹೊತ್ತು, ಹಾರಿಸಿದವರು ಯಾರು. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿಂದ 1949ರಲ್ಲಿ ತೇರ್ಗಡೆಯಾದ ಮೊದಲ ಹೆಣ್ಣುಮಗಳು ಉಷಾ ಸುಂದರಂ. ಪತಿ ವಿ. ಸುಂದರಂ ಮೈಸೂರು ಮಹಾರಾಜರ ವಿಮಾನ ಚಾಲಕರು. ಗಂಡ ಹೆಂಡತಿ ಸೇರಿ ನೆಹರೂ, ಪಟೇಲರಂಥ ನಾಯಕರನ್ನು ಹೊತ್ತು ಹಾರಿದರು. ಮದರಾಸು ಸರ್ಕಾರಕ್ಕೆಂದು ಕೊಂಡ ಡವ್ ವಿಮಾನವನ್ನು ಇಂಗ್ಲೆಂಡಿನಿಂದ ಇಬ್ಬರೇ ಹಾರಿಸಿಕೊಂಡು ಬಂದರು. ಗಂಡನ ಜೊತೆಗಿದ್ದರು ಎಂಬ ಮಾತಿನಡಿ ಮುಚ್ಚಿಹೋಗದೆ ಅವರ ಹೆಸರು ಉಳಿದದ್ದಕ್ಕೆ ಸ್ವಂತ ಪರವಾನಗಿ ಇದ್ದದ್ದು ಮುಖ್ಯ ಕಾರಣ ಎಂದು ತಿಳಿಯುತ್ತೇನೆ.

ವಿಜ್ಞಾನದಲ್ಲಿ ಪ್ರಬಂಧದ ತಲೆಯ ಮೇಲೆ ಹೆಸರಿರುತ್ತದೆ, ಆದರೆ ಅಲ್ಲಿಯವರೆಗೆ ಹೋಗಲು ಬಾಗಿಲು ದಾಟಬೇಕು. 1933ರಲ್ಲಿ ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದ ಕಮಲಾ ಸೊಹೋನಿಯವರನ್ನು ಹೆಣ್ಣುಮಗಳೆಂಬ ಕಾರಣಕ್ಕೆ ಸಿ.ವಿ. ರಾಮನ್ ಮೊದಲು ಬೇಡವೆಂದರು, ಅವರು ಪಟ್ಟು ಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. ಹತ್ತು ವರ್ಷದ ನಂತರ, 1943ರಲ್ಲಿ, ಅದೇ ಸಂಸ್ಥೆಗೆ ರಾಜೇಶ್ವರಿ ಬಂದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ 1953ರಲ್ಲಿ ಮರಳಿ, ರಾಜೇಶ್ವರಿ ಚಟರ್ಜಿ ಎಂಬ ಹೆಸರಿನಲ್ಲಿ ಮೈಕ್ರೋವೇವ್ ಮತ್ತು ಆಂಟೆನಾಗಳ ಪಾಠ ಹೇಳಿ, ವಿಭಾಗದ ಮುಖ್ಯಸ್ಥರೂ ಆಗಿ 1982ರಲ್ಲಿ ನಿವೃತ್ತರಾದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು. ಆ ಅಜ್ಜಿ ನಡೆಸಿದ ಶಾಲೆಯಲ್ಲೇ ಮೊಮ್ಮಗಳ ಅಕ್ಷರಾಭ್ಯಾಸ. ರಾಜೇಶ್ವರಿಯವರ ಬಗ್ಗೆ ಬರೆದವರು ಯಾರೂ ಈ ಅಜ್ಜಿಯನ್ನು ಬಿಟ್ಟು ಬರೆಯುವುದಿಲ್ಲ. ರೇವಮಂಚಲೆಯನ್ನು ಬಿಡದೆ ಬರೆಸಿದ ವಿನಾಪೋಟಿಯ ಬುದ್ಧಿ ಎಷ್ಟು ಸರಿಯಾಗಿತ್ತು!

ಕೊನೆಗೆ ಮತ್ತೆ ಈ ಸೀಮೆಯ ಇಳಕಲ್ಲು, ಗುಳೇದಗುಡ್ಡ. ಇಲ್ಲಿ ಹೆಣ್ಣುಮಕ್ಕಳ ಕೈ ತಾಗದೆ ಬಟ್ಟೆಯಾಗುವುದಿಲ್ಲ, ಅವರ ಹೆಸರು ಎಲ್ಲೂ ಇಲ್ಲ. ಇಳಕಲ್ ಸೀರೆಯ ವೈಶಿಷ್ಟ್ಯ ಇರುವುದು ಕೊಂಡಿಯಲ್ಲಿ. ಮೈಯ ಹಾಸು ಹತ್ತಿಯದೋ ರೇಶಿಮೆಯದೋ ಇರಬಹುದು, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆ ಎಳೆಯಾಗಿ, ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿ ಕೂಡಿಸಬೇಕು. ಒಂದು ಎಳೆ ತಪ್ಪಿದರೂ ಟೋಪ್ ತೆನಿ ವಿನ್ಯಾಸದ ಸೆರಗಿನ ಸಾಲು ಕೆಡುತ್ತದೆ. ಮಗ್ಗದ ಕುಣಿಯೊಳಗೆ ಕೂತವರು ಲಾಳಿ ಹೊಡೆಯುವ ಮುಂಚೆ ನೂಲು ಬಿಚ್ಚಿ, ರಾಟಿಗೆ ಹಾಕಿ, ಕಂಡಿಕಿ ಸುತ್ತಿ ಕೊಡಬೇಕು. ಈ ಕೆಲಸ ಮನೆಯ ಹೆಣ್ಣುಮಕ್ಕಳದು. ಒಲೆ ಮೇಲೆ ಅನ್ನಕ್ಕಿಟ್ಟು ಒಂದಿಷ್ಟು, ಮಕ್ಕಳನ್ನು ಸಾಲಿಗೆ ಕಳಿಸಿ ಒಂದಿಷ್ಟು, ಹೀಗೆ ದಿನವಿಡೀ ನಡೆಯುತ್ತದೆ. ಮಗ್ಗಕ್ಕೆ ಕೂತ ಹೆಂಗಸರೂ ಇದ್ದಾರೆ. ಕೂಲಿ ಲೆಕ್ಕ ಹಾಕುವಾಗ ಮಾತ್ರ ಸೀರೆಗೆ ಇಷ್ಟು ಎಂದು ನೇಕಾರನ ಕೈಗೆ ಬರುತ್ತದೆ, ಕಂಡಿಕಿಯ ಕೂಲಿ ಅದರೊಳಗೇ ಕರಗಿರುತ್ತದೆ.

ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದು ಊರಿನ ಹೆಸರನ್ನು ಕಾಯುತ್ತದೆ, ಬೇರೆಡೆ ನೇಯ್ದದ್ದನ್ನು ಇಳಕಲ್ ಎಂದು ಮಾರದಂತೆ ತಡೆಯಲು ಕಾನೂನಿನ ಬಲ ಕೊಡುತ್ತದೆ. ಒಳ್ಳೆಯದೇ. ಆದರೆ ಊರು ಸೀರೆ ನೇಯುವುದಿಲ್ಲ. ಲೋಕಮಹಾದೇವಿ ಗುಂಡನ ಹೆಸರನ್ನು ಗುಡಿಯ ಬಾಗಿಲಿನಲ್ಲೇ ಬರೆಸಿದಳು. ಸೀರೆಗೆ ಅಂಟಿಸುವ ಚೀಟಿಯಲ್ಲಿ ಈಗ ಬೆಲೆ, ನಂಬರು, ಅಂಗಡಿ ಇಲ್ಲವೇ ಸಂಘದ ಹೆಸರು ಇರುತ್ತದೆ. ಅಲ್ಲೇ ಕೆಳಗೆ ನೇಯ್ದವರ ಹೆಸರು, ಕೊಂಡಿ ಹಾಕಿದವರ ಹೆಸರು, ಕಂಡಿಕಿ ಸುತ್ತಿದವರ ಹೆಸರು ಬರೆಯಲು ಎರಡು ಸಾಲಿನ ಜಾಗ ಸಾಕು. ನೇಕಾರರ ಸಂಘಗಳು ಇದನ್ನು ನಾಳೆಯಿಂದಲೇ ಮಾಡಬಹುದು, ಸರ್ಕಾರದ ಆದೇಶಕ್ಕೆ ಕಾಯಬೇಕಾದ ಕೆಲಸವಲ್ಲ. ಖರ್ಚೆಂದರೆ ಚೀಟಿಯ ಮೇಲಿನ ಒಂದಿಷ್ಟು ಶಾಯಿ.